ಗೊತ್ತಿಲ್ಲ ಎಂದು ಬರೆಯಲು ಕಲಿಸಿದವರು

ವೇದಿಕೆಯ ಮೇಲಿರುವ ಪ್ರಾಂಶುಪಾಲರೇ, ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ಯಜಮಾನರೇ, ತಂಗಿಯನ್ನು ಕಳೆದುಕೊಂಡ ದುಃಖದಲ್ಲೂ ಇಷ್ಟು ದೂರ ಬಂದಿರುವ ಅಕ್ಕನವರೇ, ನನ್ನ ಸಹೋದ್ಯೋಗಿಗಳೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ವಿದ್ಯಾರ್ಥಿ ಮಿತ್ರರೇ — ಎಲ್ಲರಿಗೂ ನಮಸ್ಕಾರ.

ನಾನು ಅರ್ಥಶಾಸ್ತ್ರದವನು, ಮೇಡಂ ಇತಿಹಾಸದವರು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ನಡುವೆ ಒಂದು ಕಬ್ಬಿಣದ ಬೀರು, ಅದರ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಅವರು ತಿದ್ದುವಾಗ ಪೆನ್ನು ಕಾಗದದ ಮೇಲೆ ಗೀಚುವ ಸದ್ದು ನನಗೆ ಕೇಳಿಸುತ್ತಿತ್ತು. ಇವತ್ತು ಮಾತಾಡಬೇಕು ಎಂದಾಗ ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ — ಏನು ಹೇಳುವುದು ಎಂದು ತೋಚಲಿಲ್ಲ.

ಹುಡುಗರು ಅವರಿಗೆ ಇಟ್ಟ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಮೂಲ ಮೇಡಂ. ಕೊನೆಯ ವರ್ಷದ ಸಂಶೋಧನಾ ಪ್ರಬಂಧ ಅವರ ಕೈಗೆ ಹೋದರೆ ಮೊದಲ ಪ್ರಶ್ನೆಯೇ ಅದು: ಇದರ ಮೂಲ ಎಲ್ಲಿ? ಪುಸ್ತಕ ತೋರಿಸಿದರೆ, ಆ ಪುಸ್ತಕದವರಿಗೆ ಯಾರು ಹೇಳಿದರು? ಅವರನ್ನು ತೋರಿಸಿದರೆ, ಅವರು ಅಲ್ಲಿದ್ದರೇ, ಹಾಗೆ ಹೇಳಿದ್ದರಿಂದ ಅವರಿಗೇನು ಸಿಕ್ಕಿತು? ಆ ಹೆಸರಿಗೆ ಇನ್ನೊಂದು ಅರ್ಥವೂ ಇದೆ, ಹುಡುಗರು ಮುಸಿಮುಸಿ ನಗುತ್ತಿದ್ದರು. ಮೇಡಂಗೆ ಅದೂ ತಿಳಿದಿತ್ತು. ಒಂದು ದಿನ ತರಗತಿಯಲ್ಲೇ ಹೇಳಿದರಂತೆ: "ಎರಡೂ ಸರಿಯಾಗೇ ಇದೆ ಬಿಡ್ರಪ್ಪ. ಎರಡೂ ಮನುಷ್ಯನನ್ನ ನೆಮ್ಮದಿಯಾಗಿ ಕೂರೋಕೆ ಬಿಡಲ್ಲ."

ನಗಿ, ಪರವಾಗಿಲ್ಲ. ಅವರಿದ್ದಿದ್ದರೆ ಅವರೂ ನಗುತ್ತಿದ್ದರು.

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ನಮ್ಮ ಊರಿನ ಹಳೆಯ ನೂಲಿನ ಗಿರಣಿಯ ಬಗ್ಗೆ ಪ್ರಬಂಧ ಬರೆಯಲು ಹೊರಟಳು. ಆಕೆ ಈ ಸಭೆಯಲ್ಲಿದ್ದಾಳೆ, ಅವಳ ಅನುಮತಿ ಪಡೆದೇ ಹೇಳುತ್ತಿದ್ದೇನೆ. ಆ ಗಿರಣಿಯ ಬಾಯ್ಲರ್ ಹಿಂದೊಮ್ಮೆ ಸಿಡಿದು, ಪಾಳಿಯಲ್ಲಿದ್ದ ಕೆಲಸಗಾರರು ಸತ್ತರು. ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಕುಡಿದು ಮಲಗಿದ್ದ, ಅದಕ್ಕೇ ಹಾಗಾಯಿತು ಎಂದು ಊರಿಗೆಲ್ಲ ಗೊತ್ತು. ಪುಸ್ತಕಗಳಲ್ಲೂ ಹಾಗೇ ಇದೆ. ಸತ್ತವರಲ್ಲಿ ಅವನೂ ಒಬ್ಬ, ಬಂದು ಉತ್ತರ ಕೊಡುವವರು ಯಾರೂ ಇರಲಿಲ್ಲ.

ಹುಡುಗಿ ಪುಸ್ತಕಗಳನ್ನೆಲ್ಲ ತಂದು ಮೇಜಿನ ಮೇಲೆ ಗುಡ್ಡೆ ಹಾಕಿದಳು. ಮೇಡಂ ಒಂದೊಂದನ್ನೇ ತೆರೆದು, ಅಡಿಟಿಪ್ಪಣಿ ನೋಡಿ, ಬಲಗಡೆಯಿಂದ ಎಡಗಡೆಗೆ ಇಡುತ್ತಾ ಹೋದರು. ಇವರು ಅವರಿಂದ ತಗೊಂಡದ್ದು. ಅವರು ಇವರಿಂದ ತಗೊಂಡದ್ದು. ಕೊನೆಗೆ ಉಳಿದದ್ದು ಗಿರಣಿಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ. "ನೋಡಮ್ಮ, ಇದು ರಾಶಿ ಪುಸ್ತಕ ಅಲ್ಲ. ಒಂದೇ ಪುಸ್ತಕ, ಮತ್ತೆ ಮತ್ತೆ ಬರೆದಿದ್ದಾರೆ ಅಷ್ಟೆ," ಎಂದರು. "ಅದನ್ನ ಅಚ್ಚು ಹಾಕಿಸಿದ್ಯಾರು?"

"ಗಿರಣಿ ಮಾಲೀಕರು, ಮೇಡಂ."

"ಹಂ. ಈಗ ಹೋಗಿ ಆವತ್ತಿನ ಪತ್ರಿಕೆ ಹುಡುಕು."

ಹುಡುಕಿದಳು. ಅಪಘಾತವಾದ ಮರುದಿನದ ಪತ್ರಿಕೆಯಲ್ಲಿ ಕಾರಣ ತಿಳಿದುಬಂದಿಲ್ಲ ಎಂದಿತ್ತು. ಕುಡಿದಿದ್ದ ಎನ್ನುವ ಮಾತು ಆಮೇಲಿನ ಸಂಚಿಕೆಯಲ್ಲಿ ಬಂತು, ಗಿರಣಿಯ ಆಡಳಿತ ತಿಳಿಸಿದೆ ಎಂಬ ಒಕ್ಕಣೆಯೊಂದಿಗೆ.

ಅವಳ ಉತ್ಸಾಹ ಹೇಳತೀರದು. ಮುಂದಿನ ಕರಡಿನಲ್ಲಿ, ಬಾಯ್ಲರ್‌ನವನು ನಿರಪರಾಧಿ, ಹೆಚ್ಚಾದ ಉಗಿ ಹೊರಬಿಡುವ ಕವಾಟ ಕೆಟ್ಟಿತ್ತು, ಮಾಲೀಕರು ಮುಚ್ಚಿಟ್ಟರು ಎಂದು ಖಡಾಖಂಡಿತವಾಗಿ ಬರೆದು ತಂದಳು. ಕವಾಟದ ವಿಷಯ ಹೇಳಿದವರು ಅದೇ ಗಿರಣಿಯ ಒಬ್ಬ ಮುದುಕರು. ಮೇಡಂ ಆ ಸಾಲಿನ ಪಕ್ಕ ಗೆರೆ ಎಳೆದರು.

"ಇವರು ಆ ಪಾಳಿಯಲ್ಲಿದ್ರಾ?"

"ಇಲ್ಲ ಮೇಡಂ. ಆದ್ರೆ ಅವರು ಸುಳ್ಳು ಹೇಳೋರಲ್ಲ."

"ಸುಳ್ಳು ಹೇಳ್ತಾರೆ ಅಂತ ನಾನಂದ್ನಾ? ಅಲ್ಲಿದ್ರಾ ಅಂತ ಕೇಳಿದೆ."

ಹುಡುಗಿ ಮೇಜಿನ ಅಂಚು ಹಿಡಿದುಕೊಂಡು ನಿಂತಳು — ಹೀಗೆ. ಆಮೇಲೆ ಅಂದಳು: "ಬಾಯ್ಲರ್ ನೋಡ್ಕೊಳ್ತಿದ್ದೋರು ನಮ್ಮಜ್ಜ, ಮೇಡಂ. ನಮ್ಮಮ್ಮನ ಅಪ್ಪ."

ನಾನು ಕೈಲಿದ್ದ ಪತ್ರಿಕೆ ಕೆಳಗಿಟ್ಟೆ. ಮೇಡಂ ತಮ್ಮ ಕುರ್ಚಿಯನ್ನೇ ಅವಳಿಗೆ ಎಳೆದುಕೊಟ್ಟು, ತಾವು ನಿಂತುಕೊಂಡು ಹೇಳಿದರು: "ಹಾಗಾದ್ರೆ ನೀನು ಇನ್ನೂ ಹುಷಾರಾಗಿ ಬರೀಬೇಕು ಮಗಳೇ. ನಿನಗೆ ಬೇಕಾದ ಉತ್ತರ ಕೊಡೋರನ್ನ ನೀನು ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳ್ಬೇಕು."

ಹುಡುಗಿ ಕರಡು ಎತ್ತಿಕೊಂಡು ಹೊರಟುಹೋದಳು. ವಾರಗಟ್ಟಲೆ ಈ ಕಡೆ ತಲೆ ಹಾಕಲಿಲ್ಲ. "ಪಾಪದ ಹುಡುಗಿ, ಅವಳಿಷ್ಟದಂತೆ ಬರೆದುಕೊಳ್ಳಲಿ ಬಿಡಿ, ಯಾರು ಓದ್ತಾರೆ?" ಎಂದು ನಾನೇ ಅಂದೆ. "ಅವರಮ್ಮ ಓದ್ತಾರಲ್ಲ," ಎಂದರು ಮೇಡಂ.

ಅಷ್ಟರಲ್ಲಿ ಅವರ ಕಾಯಿಲೆ ಹೊರಬಿತ್ತು. ಬೆನ್ನುನೋವು ಎಂದು ಹೋದವರು ಆಸ್ಪತ್ರೆಯಿಂದ ಬೇರೆಯೇ ಸುದ್ದಿ ತಂದರು. ಆಮೇಲಿನದ್ದು ನಿಮಗೆ ಗೊತ್ತು. ಕೂದಲು ಹೋಯಿತು, ದನಿ ಸಣ್ಣದಾಯಿತು. ಪ್ರಬಂಧಗಳು ಮಾತ್ರ ವಾರ್ಡಿಗೇ ಹೋಗುತ್ತಿದ್ದವು, ಒಯ್ದು ಕೊಡುತ್ತಿದ್ದವನು ನಾನು.

ಒಂದು ಸಂಜೆ ನಾನಿದ್ದಾಗಲೇ ಆ ಹುಡುಗಿ ಬಂದಳು, ಜೊತೆಗೆ ಅವಳ ತಾಯಿ. ಹುಡುಗಿ ಪ್ರಬಂಧ ಕೊಟ್ಟಳು. ಮೇಡಂ ಕನ್ನಡಕ ಹಾಕಿಕೊಂಡು ಕೊನೆಯ ಪುಟ ತೆಗೆದರು. ಅಲ್ಲಿ ಬರೆದಿತ್ತು: ಬಾಯ್ಲರ್ ಏಕೆ ಸಿಡಿಯಿತು ಎಂಬುದು ಗೊತ್ತಿಲ್ಲ. ಅದು ಆ ನೌಕರನ ತಪ್ಪು ಎನ್ನಲು ಇರುವ ಆಧಾರ, ತಪ್ಪು ಅವನದಾದರೆ ಅನುಕೂಲವಾಗುತ್ತಿದ್ದವರ ಹೇಳಿಕೆ ಒಂದೇ.

ತಾಯಿಗೆ ತಡೆಯಲಾಗಲಿಲ್ಲ. "ನಮ್ಮಪ್ಪ ತಪ್ಪು ಮಾಡಿಲ್ಲ ಅಂತಾನೇ ಬರೆಸಬಹುದಿತ್ತಲ್ಲ ಮೇಡಂ. ಕುಡುಕನ ಮಗಳು ಅನ್ನಿಸ್ಕೊಂಡೇ ಬೆಳೆದೋಳು ನಾನು. ನನ್ನ ಮದುವೆ ಮಾತುಕತೆ ಎಷ್ಟು ಸಲ ಮುರಿದುಬಿತ್ತು, ನಿಮಗೇನು ಗೊತ್ತು?"

ಮೇಡಂ ಆಕೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಹಾಗೆ ಬರೆದಿದ್ರೆ, ಮೊಮ್ಮಗಳು ಅಜ್ಜನ ಪರವಾಗಿ ಬರೆದಿದ್ದಾಳೆ ಅಂತ ಯಾರಾದ್ರೂ ಒಂದೇ ಮಾತಲ್ಲಿ ತಳ್ಳಿಹಾಕ್ತಿದ್ರಮ್ಮ. ಇದನ್ನ ತಳ್ಳಿಹಾಕೋಕೆ ಆಗಲ್ಲ. ಇದಕ್ಕಿಂತ ಜಾಸ್ತಿ ನಿಮ್ಮಪ್ಪನಿಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ಇದ್ದಿದ್ರೆ ಕೊಡ್ತಿದ್ದೆ."

ತಾಯಿ ಆ ಸಾಲನ್ನು ಮಗಳ ಬಾಯಿಂದ ಇನ್ನೊಮ್ಮೆ ಓದಿಸಿಕೊಂಡರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನಿಧಾನವಾಗಿ — "ಗೊತ್ತಿಲ್ಲ ಅಂತ ಬರೆದಿದ್ದೀಯಲ್ಲ ಮಗಳೇ. ಇಷ್ಟು ವರ್ಷ ಎಲ್ಲರಿಗೂ ಗೊತ್ತಿತ್ತು."

ಅಷ್ಟೇ ಹೇಳಿದರು. ಮೇಡಂ ಕಿಟಕಿಯ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

ಇನ್ನೊಂದು ಮಾತು. ಇದನ್ನು ಇಲ್ಲಿ ಹೇಳಬಹುದೇ ಎಂದು ನಿನ್ನೆ ಯಜಮಾನರನ್ನು ಕೇಳಿದೆ. ಹೇಳಿ ಎಂದರು.

ಅವರು ಬಾಳೆಲ್ಲ ಔಷಧಿ ಅಂಗಡಿ ನಡೆಸಿದವರು. ಯಾವ ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಚೆನ್ನಾಗಿ ಬಲ್ಲವರು. ವೈದ್ಯರು ಕೈಚೆಲ್ಲಿದ ಮೇಲೆ ಅವರಿಗೆ ಎಲ್ಲೋ ಒಂದು ಬರಹ ಸಿಕ್ಕಿತು — ದೂರದ ಒಂದು ಚಿಕಿತ್ಸಾಲಯ, ಇದೇ ಕಾಯಿಲೆ, ಗುಣವಾದವರ ನಗುಮುಖದ ಚಿತ್ರಗಳು. ಅದನ್ನು ಹೆಂಡತಿಯ ಕೈಗೆ ಕೊಡುವಾಗ ಹೇಳಿದರಂತೆ: "ಇದೊಂದನ್ನ ನಿನ್ನ ಹುಡುಗರ ಪ್ರಬಂಧ ಓದಿದ ಹಾಗೆ ಓದಬೇಡ ಕಣೇ."

ಮೇಡಂ ಓದಿದರು. ಮೊದಲಿಂದ ಕೊನೆಯವರೆಗೂ ಓದಿದರು. ಆಮೇಲೆ ಕೇಳಿದರು: "ರೀ, ಇದನ್ನ ಬರೆದೋರು ಯಾರು ಅಂತ ನೋಡಿದ್ರಾ?"

"ನೋಡ್ದೆ. ಆ ಚಿಕಿತ್ಸಾಲಯದವರೇ."

"ಗೊತ್ತಿದ್ದೂ ತಂದ್ರಾ?"

"ನಿನ್ನ ಜೊತೆ ಇಷ್ಟು ವರ್ಷ ಬಾಳಿ, ಅದನ್ನ ನೋಡದೆ ಇರ್ತೀನಾ? ಗೊತ್ತಿದ್ದೂ ತಂದೆ."

ಮೇಡಂ ಅವರನ್ನು ಬೈಯಲಿಲ್ಲ, ಕಾಗದವನ್ನು ಹರಿಯಲಿಲ್ಲ. "ಅಲ್ಲಿಗೆ ಹೋಗಿ ಬರೋದ್ರಲ್ಲೇ ಇರೋ ದಿನ ಮುಗಿದುಹೋಗುತ್ತೆ. ಮನೆಗೆ ಕರ್ಕೊಂಡು ಹೋಗಿ. ಇಬ್ಬರೂ ಬಾಲ್ಕನಿಯಲ್ಲಿ ಕೂತ್ಕೊಳ್ಳೋಣ," ಎಂದರು.

ಹಾಗೇ ಕೂತರು. ಇಬ್ಬರೂ ಹಗಲೆಲ್ಲ ಅಲ್ಲೇ, ಕೆಳಗಿನ ಬೀದಿಯಲ್ಲಿ ಹೋಗಿಬರುವವರನ್ನು ನೋಡುತ್ತಾ. ಅಂಗಡಿಯ ಗಡಿಬಿಡಿಯಲ್ಲಿ, ಕಾಲೇಜಿನ ಗಡಿಬಿಡಿಯಲ್ಲಿ ಆಡದೆ ಉಳಿದಿದ್ದ ಮಾತುಗಳನ್ನೆಲ್ಲ ಆಡಿಕೊಂಡರಂತೆ. ಒಂದು ಬೆಳಿಗ್ಗೆ ಯಜಮಾನರು ಒಳಗಿನಿಂದ ಶಾಲು ತರಲು ಹೋಗಿದ್ದರು. ತಂದು ಹೊದಿಸುವಾಗ — ಮೇಡಂ ಇರಲಿಲ್ಲ.

ಇಂಥ ಸಭೆಗಳಲ್ಲಿ, ಅವರು ಎಲ್ಲೂ ಹೋಗಿಲ್ಲ, ನಮ್ಮ ನಡುವೆಯೇ ಇದ್ದಾರೆ ಎನ್ನುತ್ತೇವೆ. ನಾನು ಹಾಗೆನ್ನಲಾರೆ. ನಾಳೆ ಸ್ಟಾಫ್ ರೂಮಿಗೆ ಹೋಗುತ್ತೇನೆ, ಪಕ್ಕದ ಮೇಜು ಖಾಲಿ ಇರುತ್ತದೆ. ನನಗೆ ನಿಜವಾಗಿ ಗೊತ್ತಿರುವುದು ಅಷ್ಟೇ. ಅದನ್ನು ಹೊರುವುದೇ ಕಷ್ಟವಾಗಿದೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಮಂಡಿನೋವಿನವರು ಕೂತೇ ತಲೆಬಾಗಿದರೆ ಸಾಕು. ಇಷ್ಟೇ ನಿಮಿಷ ಎಂದು ನಾನು ಹೇಳುವುದಿಲ್ಲ, ಯಾರೂ ಗಡಿಯಾರ ನೋಡುವುದು ಬೇಡ. ಯಜಮಾನರು ಯಾವಾಗ ಕೂರುತ್ತಾರೋ, ಆಗ ನಾವೂ ಕೂರೋಣ.