ಕಪ್ಪು-ಬಿಳುಪಿನಲ್ಲಿ ಕೆಂಪು

ಅಧ್ಯಕ್ಷರ ಕುರ್ಚಿಯಲ್ಲಿರುವ ಪೂಜ್ಯ ರಾವಸಾಬ ಕಾಕಾ ಅವರೇ, ಸಿಂದಗಿಯ ಅಂಗಡಿಯಲ್ಲಿ ಗಡಿಯಾರಗಳನ್ನೆಲ್ಲ ದೇವರ ಮೇಲೆ ಬಿಟ್ಟು ಬಂದಿರುವ ಇಬ್ರಾಹಿಂಸಾಬರೇ, ಮುದ್ದೇಬಿಹಾಳದ ಗುರುಲಿಂಗಪ್ಪನವರೇ, ಇಂಡಿ, ಚಡಚಣ, ಗೊಳಸಂಗಿಗಳಿಂದ ಬಸ್ಸಿನ ಧೂಳು ಕುಡಿದು ಬಂದಿರುವ ಛಾಯಾಮಿತ್ರ ಮಂಡಳಿಯ ಸದಸ್ಯರೇ, ಜಮಖಾನೆಯ ಮೇಲೆ ಕುಳಿತ ತಾಯಂದಿರೇ, ಕಿಟಕಿಗಳಲ್ಲಿ ನಿಂತವರೇ, ಬಸವನ ಬಾಗೇವಾಡಿಯ ಸಮಸ್ತ ಸಭಿಕರೇ,

‘ಸಭಿಕರೇ’ ಎಂಬ ಶಬ್ದವನ್ನು ನಿನ್ನೆಯಿಂದ ರೂಢಿ ಮಾಡಿಕೊಂಡು ಬಂದಿದ್ದೇನೆ. ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡದಲ್ಲಿ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ನೀವು ಕನ್ನಡದಲ್ಲಿ ಮಾತಾಡಲೆಂದೇ ವೇದಿಕೆಯ ಮೇಲೆ ನಿಲ್ಲಿಸಿದ್ದೀರಿ.

ನಾನು ಮೆಟ್ಟಿಲು ಹತ್ತುವಾಗ ಜಮಖಾನೆಯ ಕಡೆಯಿಂದ ಯಾರೋ, “ಗಂಡನ ಹೆಸರು ಮೊದಲ ಹೇಳಿ ಆಮ್ಯಾಲೆ ಭಾಷಣ ಮಾಡವಾ” ಎಂದರು. ಒಡಪು ಹೇಳದೆ ಹೊಸ ಸೊಸೆಯನ್ನು ಈ ಊರಲ್ಲಿ ಒಂದು ಹೊಸ್ತಿಲೂ ದಾಟಗೊಡುವುದಿಲ್ಲ ಎಂದು ವೈಶಾಖದಿಂದ ಈಚೆಗೆ ಚೆನ್ನಾಗಿ ಕಲಿತಿದ್ದೇನೆ. ಕೇಳಿ:

ಇಂಡಿಯ ಲಿಂಬೀಹಣ್ಣು, ಚಡಚಣದ ದ್ರಾಕ್ಷಿ,
ಪ್ರಹ್ಲಾದರಾಯರ ಕ್ಯಾಮೆರಾಕ್ಕ ನಾನೊಬ್ಬಾಕಿ ಸಾಕ್ಷಿ.

ನಮ್ಮವರು, ಅಂದರೆ ಈ ಹೈಸ್ಕೂಲಿನ ವಿಜ್ಞಾನದ ಮಾಸ್ತರರು, ಮಂಡಳಿಯ ಕಾರ್ಯದರ್ಶಿಗಳು, ಈಗ ತಲೆ ತಗ್ಗಿಸಿ ಕಾರ್ಯಕ್ರಮ ಪತ್ರಿಕೆ ಓದುತ್ತಿದ್ದಾರೆ. ಅದನ್ನು ಅಚ್ಚು ಹಾಕಿಸಿದವರೂ ಅವರೇ. ಅದರಲ್ಲಿ ಹೊಸದೇನಿದೆಯೋ ನನಗೆ ತಿಳಿಯದು.

ಬಹುಮಾನಗಳನ್ನು ನನ್ನ ಕೈಯಿಂದ ಕೊಡಿಸಿದಿರಿ. ಇಷ್ಟು ದೊಡ್ಡ ಗೌರವಕ್ಕೆ ನಾನು ಮಾಡಿದ ಘನಕಾರ್ಯವಾದರೂ ಏನು? ಒಂದು ಶಬ್ದ ಹೇಳಿದೆ, ಅಷ್ಟೇ. ಶ್ರಾವಣದಲ್ಲಿ ಮಂಡಳಿಯವರೆಲ್ಲ ನಮ್ಮ ಮನೆಯ ಪಡಸಾಲೆಯಲ್ಲಿ ಸೇರಿದ್ದರು. ಪ್ರದರ್ಶನಕ್ಕೆ ಒಂದೇ ಶಬ್ದ ಇರಬೇಕು, ಯಾರು ಯಾವುದರ ಚಿತ್ರ ತೆಗೆದರೂ ಆ ಶಬ್ದ ಅದಕ್ಕೆ ಒಪ್ಪಬೇಕು ಎಂಬುದು ಅವರ ವಿಚಾರ. ಒಬ್ಬರು ನೀರು ಎಂದರು. ಇನ್ನೊಬ್ಬರು ನೆರಳು ಎಂದರು. ಗುರುಲಿಂಗಪ್ಪನವರು ಎತ್ತು ಎಂದರು, ಅವರ ಹತ್ತಿರ ಎತ್ತಿನ ಚಿತ್ರ ಮೊದಲೇ ತಯಾರಿತ್ತು. ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತವಳು, ಯಾರೂ ಕೇಳದಿದ್ದರೂ, ‘ಕೆಂಪು’ ಎಂದುಬಿಟ್ಟೆ.

ಯಾಕೆ ಕೆಂಪು? ನಾನು ಈ ಮನೆ ತುಂಬಿದ ದಿನ ಉಟ್ಟ ಶಾಲು, ಅಂದರೆ ಮದುವೆಯ ಜರಿ ಸೀರೆ, ಕೆಂಪು. ಆ ತಿಂಗಳುಗಳಲ್ಲಿ ನನಗೆ ಜಗತ್ತೆಲ್ಲ ಅದೇ ಬಣ್ಣದ್ದಾಗಿ ಕಾಣುತ್ತಿತ್ತು. ಬೇರೆ ಕಾರಣವಿರಲಿಲ್ಲ.

ಇಬ್ರಾಹಿಂಸಾಬರು ಚಹಾದ ಬಸಿ ಕೆಳಗಿಟ್ಟು, “ಅಕ್ಕಾರ, ನಮ್ಮ ಫಿಲಮಿನ್ಯಾಗ ಕೆಂಪ ಅನ್ನೂದು ಕರ್ರಗ ಬರ್ತೈತ್ರಿ” ಎಂದರು.

ನನಗೆ ಅದು ಹೊಳೆದೇ ಇರಲಿಲ್ಲ. ಆದರೆ ಮದುವೆಯಾದ ಮೊದಲ ವರ್ಷ ಗಂಡಂದಿರು ಯಾವುದಕ್ಕೂ ಬೇಡ ಎನ್ನುವುದಿಲ್ಲ. ನಮ್ಮವರು, “ಇರ್ಲಿ ಬಿಡ್ರಿ ಸಾಹೇಬ್ರ, ಕರ್ರಗ ಬಂದ್ರ ಕೆಳಗ ಕೆಂಪು ಅಂತ ಬರದ್ರಾತು” ಎಂದರು. ಹೀಗೆ, ಮಹನೀಯರೇ, ಬಣ್ಣವಿಲ್ಲದ ಫಿಲಮ್ಮಿನಲ್ಲಿ ಬಣ್ಣದ ಪ್ರದರ್ಶನ ನಿಶ್ಚಯವಾಯಿತು.

ಮತ್ತು ನೀವು ಎಂಥ ಚಿತ್ರಗಳನ್ನು ಕಳಿಸಿದಿರಿ! ವಿಜಾಪುರದಲ್ಲಿ ರೋಲು ಸಿಗದೆ ಸೊಲ್ಲಾಪುರದವರೆಗೆ ಹೋಗಿ ತಂದವರಿದ್ದಾರೆ. ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿ, ಸ್ಟೇಶನ್ನಿನಲ್ಲಿ ಬಾವುಟ ಹಿಡಿದ ಕೈ, ಅಂಚೆ ಪೆಟ್ಟಿಗೆಯ ಮೇಲೆ ಕುಳಿತ ಕಾಗೆ, ಹುಂಜದ ಜುಟ್ಟು, ಇಟ್ಟಂಗಿ ಭಟ್ಟಿ, ರೊಟ್ಟಿಯ ಮೇಲೆ ಹಚ್ಚಿದ ಖಾರ, ಇಳಕಲ್ ಸೀರೆಯ ಸೆರಗು ಗಾಳಿಗೆ ಹಾರಿದ್ದು. ಒಂದಕ್ಕೊಂದು ಸಂಬಂಧವಿಲ್ಲದ ಇವೆಲ್ಲ ಒಂದೇ ಗೋಡೆಯ ಮೇಲೆ ಬಂಧುಗಳ ಹಾಗೆ ಸೇರಿದವು. ಗುರುಲಿಂಗಪ್ಪನವರ ದಾಳಿಂಬೆ ಕಾಯಿಯೋ ಹಣ್ಣೋ ಎಂದು ತೀರ್ಪುಗಾರರು ಊಟದ ಹೊತ್ತು ಮೀರುವವರೆಗೆ ವಾದಿಸಿದರು. ಕೊನೆಗೆ ಗುರುಲಿಂಗಪ್ಪನವರು, “ತಿಂದೀನ್ರಿ, ಸಿಹಿ ಇತ್ತು” ಎಂದು ಪ್ರಮಾಣ ಮಾಡಿದ ಮೇಲೆ ಅದು ಕೆಂಪಾಯಿತು. ಮೊದಲ ಬಹುಮಾನ ಪಡೆದ ಇಬ್ರಾಹಿಂಸಾಬರ ಚಿತ್ರವನ್ನಂತೂ ಎಲ್ಲರೂ ನೋಡಿದ್ದೀರಿ: ಅವರ ಮಗಳು ಅಬಿದಾ ಮೆಹಂದಿ ಹಚ್ಚಿದ ಎರಡೂ ಅಂಗೈಗಳನ್ನು ಬಿಸಿಲಿಗೆ ಹಿಡಿದಿದ್ದಾಳೆ. ಆ ಕೈಗಳಲ್ಲಿ ಕೆಂಪು ಕಾಣದವರು ಯಾರಿದ್ದಾರೆ?

ಆದರೆ ಗೋಡೆಯ ಮೇಲೆ ಈ ಎಲ್ಲ ಚಿತ್ರಗಳ ಕೊನೆಗೆ, ಕಿಟಕಿಯ ಪಕ್ಕ, ಒಂದು ಬರಿಯ ಮೊಳೆ ಇರುವುದನ್ನೂ ಕೆಲವರು ನೋಡಿರಬಹುದು. ಅದರ ಬಗ್ಗೆ ಮಾತಾಡುವ ವಿಚಾರ ನನಗಿರಲಿಲ್ಲ. ಬರೆದುಕೊಂಡು ಬಂದ ಭಾಷಣದಲ್ಲಿ ಅದಿಲ್ಲ. ಅದರಲ್ಲಿ ಇದರ ಮುಂದೆ ಕಲೆಯ ಮಹತ್ವ ಎಂದಿದೆ. ಕಲೆಯ ಮಹತ್ವವನ್ನು ಮುಂದಿನ ವರ್ಷ ಹೇಳುತ್ತೇನೆ. ಕ್ಷಮಿಸಿ.

ನಮ್ಮ ಮನೆಯಲ್ಲಿ ಬಾಳಮ್ಮ ಅತ್ಯಾ ಇದ್ದಾರೆ. ನಮ್ಮವರ ಸೋದರತ್ತೆ. ಬಾಗೇವಾಡಿಯ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ, ನಿಮ್ಮಲ್ಲಿ ಅರ್ಧ ಜನರ ಬಾಣಂತನದ ಖಾರ ಕುಟ್ಟಿದವರು ಅವರು. ತಾಯಿಯಿಲ್ಲದ ನಮ್ಮವರನ್ನು ಸಾಕಿದವರು. ಗಂಡನ ಮುಖ ನೆನಪಿಡುವಷ್ಟು ವಯಸ್ಸಾಗುವ ಮೊದಲೇ ವಿಧವೆಯಾದ ಅವರ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಅಂದಿನಿಂದ ಅವರು ಬೇರೆ ಬಣ್ಣ ಉಟ್ಟಿಲ್ಲ.

ನಾನು ಚಹಾದ ತಾಟು ತಿರುಗಿ ಒಳಗೆ ತಂದಾಗ ಅತ್ಯಾ ಒಲೆಯ ಮುಂದೆ ಇದ್ದರು. ತಿರುಗಿ ನೋಡದೆ ಕೇಳಿದರು: “ಕೆಂಪು ಅಂದ್ಯಂತಲ್ಲ ಹುಡುಗಿ?”

“ಹೌದ್ರಿ ಅತ್ಯಾ.”

“ನಾನೂ ಕೆಂಪೇ ಇದ್ದೇನಲ್ಲ. ನಂದೊಂದು ತಗೀರಿ.”

ಚೇಷ್ಟೆ ಎಂದುಕೊಂಡು ನಕ್ಕೆ. ಅವರೂ ನಕ್ಕರು. ಆಮೇಲೆ ಒಲೆಗೆ ಕಟ್ಟಿಗೆ ನೂಕುತ್ತ, “ಕನ್ನಡಿ ನೋಡೂ ಕೆಲಸ ನನಗೇನದ? ಕುಂಕುಮ ಹಚ್ಚಿಕೊಳ್ಳೂದಿಲ್ಲ, ತಲಿ ಬಾಚೂದಿಲ್ಲ. ಕೊಡದಾಗಿನ ನೀರಾಗ ಕಂಡಷ್ಟೇ ಕಂಡದ್ದು. ಈಗ ಹ್ಯಾಂಗ ಕಾಣ್ತೇನೋ ಒಮ್ಮೆ ನೋಡಬೇಕಾಗೇದ” ಎಂದರು.

ಸಭಿಕರೇ, ನನ್ನ ಕೋಣೆಯಲ್ಲಿ ಮೂರು ಕನ್ನಡಿಗಳಿವೆ. ಒಂದು ತವರಿನದು, ಒಂದು ಉಡುಗೊರೆ, ಇನ್ನೊಂದು ಪರ್ಸಿನಲ್ಲಿ. ಅದೇ ಮನೆಯಲ್ಲಿ ಅದೇ ಛಾವಣಿಯ ಕೆಳಗೆ ಒಬ್ಬರು ತಮ್ಮ ಮುಖಕ್ಕಾಗಿ ಕೊಡದೊಳಗೆ ಬಗ್ಗಿ ನೋಡುತ್ತಿದ್ದರು. ನಮ್ಮ ಮದುವೆಯ ಗ್ರೂಪ್ ಫೋಟೋದಲ್ಲಿ ಅವರಿಲ್ಲ ಎಂಬುದು ನನಗೆ ಗೊತ್ತಾದದ್ದೂ ಆ ದಿನವೇ. ಅದಕ್ಕಿಂತ ಮೊದಲು ಆ ಫೋಟೋವನ್ನು ಎಷ್ಟು ಸಲ ನೋಡಿದ್ದೆ! ನೋಡಿದ್ದೆಲ್ಲ ನನ್ನನ್ನೇ.

ಆ ರವಿವಾರ ಹಿತ್ತಲ ಕಟ್ಟೆಯ ಮೇಲೆ ಅವರನ್ನು ಕೂಡಿಸಿದೆವು. ಒಬ್ಬರೇ ಕೂರಲು ಹೆದರಿದರು. ನಾನು ಕೆಂಪು ಶಾಲು ಉಟ್ಟು ಪಕ್ಕದಲ್ಲಿ ಕುಳಿತೆ. ನಮ್ಮವರು ಕ್ಯಾಮೆರಾ ಹಿಡಿದು, “ಅತ್ಯಾ, ಸ್ವಲ್ಪ ನಗು” ಎಂದರೆ, “ಯಾಕ, ನಿನ್ನ ಮುಖ ನೋಡಿ ನಗಲೇನು?” ಎಂದು ಬೈದು, ಬೈದ ಮೇಲೆ ನಕ್ಕರು. ಆಗ ತೆಗೆದದ್ದು.

ಶಾಲೆಯ ಪ್ರಯೋಗಶಾಲೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ನಾವಿಬ್ಬರೂ ಆ ಚಿತ್ರ ತೊಳೆದೆವು. ಈ ಇಡೀ ವಿದ್ಯೆಯಲ್ಲಿ ನಿಜವಾಗಿ ಕೆಂಪಗಿರುವುದು ಕತ್ತಲೆ ಕೋಣೆಯ ದೀಪ ಒಂದೇ. ಆ ದೀಪದ ಬೆಳಕಿನಲ್ಲಿ, ಔಷಧದ ತಟ್ಟೆಯೊಳಗೆ, ಬಿಳಿಯ ಕಾಗದದ ಮೇಲೆ ಮೊದಲು ಬಂದದ್ದು ಎರಡು ಸೀರೆಗಳು. ಎರಡೂ ಒಂದೇ ಕಪ್ಪು. ಯಾವುದು ನನ್ನ ಶಾಲು, ಯಾವುದು ಅವರ ಸೀರೆ, ಹೇಳುವಂತಿರಲಿಲ್ಲ. ಆಮೇಲೆ ಅತ್ಯಾನ ಮುಖ ಬಂತು. ಎಷ್ಟು ಚೆಲುವಾದ ಮುಖ ಎಂದು ನಮ್ಮವರೂ ಆವತ್ತೇ ನೋಡಿದರೆಂದು ಕಾಣುತ್ತದೆ. ಇಬ್ರಾಹಿಂಸಾಬರು ಚಿತ್ರ ನೋಡಿ, “ಇದರಾಗ ಮದುಮಗಳು ಯಾರ್ರಿ ಅಕ್ಕಾರ?” ಎಂದು ನನ್ನನ್ನು ಕೆಣಕಿದರು.

“ಈಗ ಮನಿಗೆ ಹೋಗಿ ಅತ್ಯಾಗ ತೋರಸೋಣ” ಎಂದರು ನಮ್ಮವರು. ನಾನೇ ಬೇಡ ಎಂದೆ. ಸಭಾಭವನದ ಗೋಡೆಯ ಮೇಲೆ, ಕಟ್ಟು ಹಾಕಿಸಿ, ಊರೆಲ್ಲ ನೋಡುವಾಗ ಅವರೂ ನೋಡಲಿ ಎಂದೆ. ಅತ್ಯಾನಿಗೆ, “ನಿಮ್ಮ ಚಿತ್ರ ಅಲ್ಲೇ ಗ್ವಾಡಿ ಮ್ಯಾಲೆ ನೋಡೀರಂತ, ಬರ್ರಿ” ಎಂದಷ್ಟೇ ಹೇಳಿದೆ. ನನಗೆ ಎಲ್ಲವೂ ದೊಡ್ಡದಾಗಿ ಆಗಬೇಕು, ಎಲ್ಲದರಲ್ಲೂ ಚಕಿತಗೊಳಿಸಬೇಕು. ಆ ಒಂದು ಸಂಜೆ ಸುಮ್ಮನೆ ಚಿತ್ರ ಅವರ ಕೈಗೆ ಕೊಟ್ಟಿದ್ದರೆ ಇವತ್ತು ಕಲೆಯ ಮಹತ್ವವನ್ನೇ ಹೇಳಿ ಮುಗಿಸುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಪ್ರದರ್ಶನ ಆರಂಭವಾಗುವ ಮೊದಲು ನಮ್ಮ ಅಧ್ಯಕ್ಷರು ಎಲ್ಲ ಚಿತ್ರಗಳನ್ನೂ ನೋಡುತ್ತ ಬಂದು ಕಿಟಕಿಯ ಹತ್ತಿರ ನಿಂತರು. ಕಾಕಾ, ನೀವು ಸಿಟ್ಟಾಗಬೇಡಿ. ನೀವು ನನ್ನನ್ನು ಪಕ್ಕಕ್ಕೆ ಕರೆದು, “ತಂಗೀ, ನೀನು ಹೊಸದಾಗಿ ಮದುವಿ ಆದಾಕಿ. ಅವರ ಬಾಜೂಕ ನೀನು ಕೂತದ್ದನ್ನ ಊರ ಮಂದಿಗೆ ತೋರಸೂದು ಶುಭ ಅಲ್ಲ. ನಿನ್ನ ಸಲುವಾಗಿ ಹೇಳ್ತೇನಿ” ಎಂದಿರಿ. ನನ್ನ ಸಲುವಾಗಿಯೇ ಹೇಳಿದಿರಿ, ಅದರಲ್ಲಿ ನನಗೆ ಸಂಶಯವಿಲ್ಲ. ನಾನು ಏನೆಂದೆ? ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ವಾದವಿವಾದದಲ್ಲಿ ಗೆದ್ದವಳು, “ಹೌದ್ರಿ ಕಾಕಾ” ಎಂದೆ. ನಮ್ಮವರು ಚಿತ್ರ ತೆಗೆದು ಇಲ್ಲಿಯ ಕಪಾಟಿನಲ್ಲಿಟ್ಟರು. ಮೊಳೆ ಕೀಳಲು ಪುರಸೊತ್ತಾಗಲಿಲ್ಲ. ಅತಿಥಿಗಳು ಬಂದರು, ನಾನು ನಗುತ್ತ ಎಲ್ಲರಿಗೂ ಪನ್ನೀರು ಚಿಮುಕಿಸಿದೆ.

ಮಧ್ಯಾಹ್ನ ಜನ ಕಡಿಮೆಯಾದ ಹೊತ್ತು ನೋಡಿ ಬಾಳಮ್ಮ ಅತ್ಯಾ ಹಿಂದಿನ ಬಾಗಿಲಿನಿಂದ ಬಂದರು. ಇಂಥ ಕಾರ್ಯಕ್ರಮದ ಜಾಗಕ್ಕೆ ಅವರು ಕಾಲಿಟ್ಟದ್ದೇ ಮೊದಲು. ಗೋಡೆ ಹಿಡಿದು ಒಂದೊಂದೇ ಚಿತ್ರ ನೋಡುತ್ತ ನಡೆದರು. ಮೆಣಸಿನಕಾಯಿಯ ಮುಂದೆ, “ಇವು ಇನ್ನಾ ಒಣಗಿಲ್ಲ” ಎಂದರು. ಅಬಿದಾಳ ಕೈಗಳ ಮುಂದೆ ಬಹಳ ಹೊತ್ತು ನಿಂತರು. ಕೊನೆಯ ಚಿತ್ರ ಮುಗಿಯಿತು. ಮೊಳೆ ನೋಡಿದರು. ನನ್ನನ್ನು ನೋಡಿದರು.

“ನಂದೆಲ್ಲದ?”

ನನ್ನ ಸುತ್ತ ಅತಿಥಿಗಳಿದ್ದರು. ಅವರ ಮುಂದೆ ಅತ್ಯಾನಿಗೆ ಅವಮಾನವಾಗಬಾರದು ಎಂದುಕೊಂಡೆ. ಅತ್ಯಂತ ಪ್ರೀತಿಯಿಂದ, ಅವರ ಕೈ ಹಿಡಿದು, “ಅದು ಬರಲಿಲ್ಲರಿ ಅತ್ಯಾ, ಫಿಲಂ ಕೆಟ್ಟಿತ್ತು” ಎಂದೆ.

ಅವರು ತಲೆ ಆಡಿಸಿದರು. ಅವರಿಗೆ ಆಶ್ಚರ್ಯವಾಗಲಿಲ್ಲ.

“ಹೌದಲ್ಲ. ನಾ ಕೂತಮ್ಯಾಲೆ ಇನ್ನೇನಾಗ್ತದ? ನಿಂದೂ ಕೆಡಿಸಿದೆ ನೋಡು.” ಆಮೇಲೆ ದನಿ ಇಳಿಸಿ ಕೇಳಿದರು: “ಕ್ಯಾಮೆರಾಕ್ಕ ಏನೂ ಆಗಿಲ್ಲಲ್ಲ?”

ಅವರು ಬಂದ ಬಾಗಿಲಿನಿಂದಲೇ ಹೋದರು.

ನಿನ್ನೆ ಸಂಜೆ ಇವತ್ತಿನ ಸಮಾರಂಭಕ್ಕೆಂದು ನಮ್ಮವರು ಪಡಸಾಲೆಯಲ್ಲಿ ಹೊಸ ರೋಲು ಹಾಕುತ್ತಿದ್ದರು. ಅತ್ಯಾ ಅಲ್ಲೇ ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಎತ್ತಿಕೊಂಡು ಎದ್ದರು. “ಹೊಸಾದು ಹಾಕ್ಲಿಕ್ಕತ್ತೀ ಏನಪಾ? ನಾ ಒಳಗ ಹೋಗ್ತೇನಿ. ಕೆಟ್ಟೀತು.” ತಾವು ಸಾಕಿದ ಹುಡುಗನಿಗೆ ಅವರು ಈ ಮಾತು ಹೇಳಿದರು. ಅವನು ರೋಲು ಕೈಯಲ್ಲಿ ಹಿಡಿದು ಕುಳಿತೇ ಇದ್ದ. ಗಂಡನಿಗೆ ಅವನು ಎಂದುಬಿಟ್ಟೆ, ತಪ್ಪಾಯಿತು. ಆ ಹೊತ್ತಿಗೆ ಅವರು ಹಾಗೆಯೇ ಕಂಡರು.

ಇವತ್ತು ಬೆಳಿಗ್ಗೆ ಸಮಾರಂಭಕ್ಕೆ ಕರೆದೆ. “ಬಹುಮಾನ ಕೊಡೂ ದಿವಸ ನಾ ಬ್ಯಾಡ” ಎಂದರು.

ನಿಜ ಹೇಳಿಬಿಡಬಹುದಲ್ಲ ಎಂದು ನೀವು ಕೇಳುವಿರಿ. ನಾನೂ ಕೇಳಿಕೊಂಡೆ. ಫಿಲಂ ಕೆಟ್ಟಿರಲಿಲ್ಲ ಎಂದರೆ, ಹಾಗಾದರೆ ಚಿತ್ರ ಎಲ್ಲಿತ್ತು ಎನ್ನುತ್ತಾರೆ. ಕಪಾಟಿನಲ್ಲಿತ್ತು ಎನ್ನಬೇಕು. ಯಾಕೆ ಕಪಾಟಿನಲ್ಲಿ? ಈ ಪ್ರಶ್ನೆಗೆ ನಾನು ಏನು ಉತ್ತರ ಕೊಡಲಿ? ನಿಮ್ಮಿಂದ ಫಿಲಂ ಕೆಟ್ಟಿತು ಎನ್ನುವುದು ಹೆಚ್ಚು ನೋವೋ, ನಿಮ್ಮ ಪಕ್ಕದಲ್ಲಿ ಕಂಡರೆ ನನಗೆ ಕೆಟ್ಟದಾದೀತು ಎಂದು ಚಿತ್ರ ತೆಗೆದಿಟ್ಟೆವು ಎನ್ನುವುದು ಹೆಚ್ಚು ನೋವೋ? ಎರಡು ರಾತ್ರಿ ವಿಚಾರ ಮಾಡಿದ್ದೇನೆ. ಗೊತ್ತಾಗಿಲ್ಲ. ಗೊತ್ತಾಗುವವರೆಗೆ ಕಾಯುತ್ತ ಕುಳಿತರೆ ಅವರು ಇನ್ನೂ ಎಷ್ಟು ಕೋಣೆಗಳಿಂದ ಎದ್ದು ಹೋಗುತ್ತಾರೋ.

ಕಪಾಟಿನ ಕೀಲಿಯನ್ನು ಕಾರ್ಯದರ್ಶಿಗಳಿಂದ ಸಮಾರಂಭಕ್ಕೆ ಮೊದಲೇ ಇಸಿದುಕೊಂಡಿದ್ದೇನೆ. ಈಗ ನಾನು ಕೆಳಗಿಳಿದು ಆ ಚಿತ್ರವನ್ನು ಅದರ ಜಾಗದಲ್ಲಿ ತೂಗುಹಾಕುತ್ತೇನೆ. ಅಧ್ಯಕ್ಷರ ಅಪ್ಪಣೆ ಬೇಡುತ್ತೇನೆ. ಅಪ್ಪಣೆಯಿಲ್ಲದಿದ್ದರೂ ಹಾಕುತ್ತೇನೆ, ಕಾಕಾ, ಆಮೇಲೆ ನಿಮ್ಮ ಮನೆಗೆ ಬಂದು ಬೈಸಿಕೊಳ್ಳುತ್ತೇನೆ. ಹಾಕಿದ ಮೇಲೆ ಅತ್ಯಾನನ್ನು ಕರೆಯಲು ಹೋಗುತ್ತೇನೆ. ನಡೆದದ್ದನ್ನೆಲ್ಲ ದಾರಿಯಲ್ಲಿ ಹೇಳುತ್ತೇನೆ. ಅವರು ಬರಲಿಕ್ಕಿಲ್ಲ. ಒಮ್ಮೆ ನನ್ನ ಮಾತು ನಂಬಿ ಬಂದು ಬರಿಯ ಗೋಡೆ ನೋಡಿ ಹೋದವರು, ಮತ್ತೆ ಅದೇ ಬಾಯಿಯ ಮಾತನ್ನು ಯಾಕೆ ನಂಬಬೇಕು?

ಆದರೂ ದೀಪ ಆರಿಸಬೇಡಿ. ಬಾಗಿಲು ಹಾಕಬೇಡಿ. ಉಪ್ಪಿಟ್ಟು, ಚಹಾ ಸಿದ್ಧವಾಗಿದೆ, ಸಾವಕಾಶ ತೆಗೆದುಕೊಳ್ಳಿ.

ಅವರು ಬಂದರೆ, ತಾಯಂದಿರೇ, ಯಾರೂ ಸರಿದು ನಿಲ್ಲಬೇಡಿ. ಯಾರೂ ಎದ್ದು ಬಂದು ಉಪಚಾರದ ಮಾತನ್ನೂ ಆಡಬೇಡಿ. ನಿಮ್ಮ ಪಾಡಿಗೆ ಹರಟೆ ಹೊಡೆಯುತ್ತಿರಿ. ಅವರು ಕಿಟಕಿಯ ಹತ್ತಿರ ನಿಂತು ತಮ್ಮ ಮುಖವನ್ನು ನೋಡಿಕೊಳ್ಳುವಷ್ಟು ಹೊತ್ತು, ದಯವಿಟ್ಟು, ನೀವು ಅವರ ಮುಖ ನೋಡಬೇಡಿ.

ಕರೆದು ಮಾತಾಡಿಸಿದ ಮಂಡಳಿಗೂ, ಹೊಸಬಳ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿದ ನಿಮಗೂ ನಾನು ಋಣಿ. ಹೋಗಿ ಬರುತ್ತೇನೆ. ನಮಸ್ಕಾರ.