ತೋಳಿನಲ್ಲಿ ಲಸಿಕೆಯ ಗುರುತಿಲ್ಲದ ಕೂಸು

ಹೆಸರು ಪ್ರತಿಭಾ ಕೋಂ ವಿರೂಪಾಕ್ಷ, ವಯಸ್ಸು 31 ವರ್ಷ, ಖಾಸಗಿ ಕಾಲೇಜಿನಲ್ಲಿ ಗ್ರಂಥಪಾಲಕಿ, ವಾಸ ಕೆಂಪಾಪುರ, ಸ್ವಂತ ಊರು ಗದಗ ಜಿಲ್ಲೆಯ ರೋಣ. ಈ ದಿನ ಬೆಳಿಗ್ಗೆ 8.40ಕ್ಕೆ ಎರಡು ಹಸುಗೂಸುಗಳೊಂದಿಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಎರಡೂವರೆ ತಿಂಗಳ ಹಿಂದೆ ನನಗೆ ಹೆಣ್ಣು ಮಗು ಹುಟ್ಟಿತು. ಹೆಸರು ರಕ್ಷಾ. ನನ್ನ ತಾಯಿ ತೀರಿಕೊಂಡಿದ್ದರಿಂದ ಬಾಣಂತನ ಮಾಡುವವರಿರಲಿಲ್ಲ. ಹೆಸರಘಟ್ಟದ ಹುಲ್ಲುಗಾವಲಿನಾಚೆ ‘ಮಡಿಲು’ ಎಂಬಲ್ಲಿ ಬಾಣಂತಿಯರು ಒಟ್ಟಾಗಿ ಇರುತ್ತಾರೆಂದು ತಿಳಿದು, ದಿನಾಂಕ 6-1-2025ರಂದು ನನ್ನ ಗಂಡ ನನ್ನನ್ನೂ ಕೂಸನ್ನೂ ಅಲ್ಲಿಗೆ ಬಿಟ್ಟು ಹೋದರು. ಅದು ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿದೆ.

ನಡೆಸುವವರು ಜಯಾ, ಸುಮಾರು 60 ವರ್ಷ. ಎಲ್ಲರೂ ಅವರನ್ನು ಅಮ್ಮ ಎನ್ನುತ್ತಿದ್ದರು. ನನ್ನ ಮೊಬೈಲ್ ತೆಗೆದಿಟ್ಟುಕೊಂಡರು. ಅವರೇ ತಲೆಗೆ ಎಣ್ಣೆ ಹಚ್ಚಿ ನೀರೆರೆದರು. ನನಗೆ ಅಳು ಬಂತು. ಸಂಜೆ ಜಾಯಿಕಾಯಿ ತೇಯ್ದು ಹಾಕಿದ ಹಾಲು ಕೊಡುತ್ತಿದ್ದರು. ಕುಡಿದರೆ ಹಗಲೋ ರಾತ್ರಿಯೋ ತಿಳಿಯುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಒಂಬತ್ತು ತೊಟ್ಟಿಲು ತೂಗುವ ಸದ್ದು ನಿದ್ದೆಯೊಳಗೂ ಕೇಳುತ್ತಿತ್ತು.

ದಿನಾಂಕ 13ರಂದು ಎರೆದು ತಂದುಕೊಟ್ಟ ಕೂಸಿನ ಎಡತೋಳಿನಲ್ಲಿ ಲಸಿಕೆಯ ಗುರುತಿರಲಿಲ್ಲ. ರಕ್ಷಾಳಿಗೆ ಅಲ್ಲಿ ಅಕ್ಕಿಕಾಳಿನಷ್ಟು ಕಲೆಯಿದೆ. ಜಯಾ ಅವರಿಗೆ ಹೇಳಿದೆ. “ನಿದ್ದೆಗೆಟ್ಟ ಬಾಣಂತಿಗೆ ಹಂಗೆಲ್ಲಾ ಅನ್ಸುತ್ತೆ ಕಣಮ್ಮ. ಹಾಲು ಕುಡೀತಿದೆ ತಾನೆ? ಅಂದ್ಮೇಲೆ ನಿಂದೇ,” ಎಂದರು. ಉಳಿದ ತಾಯಂದಿರು ಹೌದೆಂದು ತಲೆಯಾಡಿಸಿದರು. ನಾನೂ ನಂಬಿದೆ. ನಾಲ್ಕು ದಿನ ಆ ಕೂಸಿಗೆ ಹಾಲುಣಿಸಿದೆ.

ದಿನಾಂಕ 16ರ ಸಂಜೆ, ಹಾಲಿನ ಮೇಲೆ ಅನುಮಾನ ಬಂದು, ಕೊಟ್ಟದ್ದನ್ನು ಬಚ್ಚಲಿಗೆ ಚೆಲ್ಲಿದೆ. ಈ ದಿನ ಬೆಳಿಗ್ಗೆ 5.50ಕ್ಕೆ ಎಚ್ಚರವಾದಾಗ ತಲೆ ತಿಳಿಯಾಗಿತ್ತು. ಕೂಸನ್ನೆತ್ತಿಕೊಂಡು ಅಡುಗೆಮನೆಗೆ ಹೋದೆ. ಅಡುಗೆಯ ಕಾಶವ್ವ ನಮ್ಮ ಕಡೆಯವರು. ಬಾಗಿಲು ಮುಂದೆ ಮಾಡಿ, “ಇದು ನಿನ್ನ ಕೂಸಲ್ಲವ್ವಾ. ನಿಂದು ಕೆರಿ ಕಡೆ ಮನ್ಯಾಗ ಐತಿ, ಸೌಜನ್ಯಾಗ ಕೊಟ್ಟಾರ. ಆಕಿ ಕೂಸು ಹೋಗಿ ತಿಂಗಳಾತು, ಎದಿಹಾಲು ಇನ್ನೂ ಬತ್ತಿಲ್ಲ,” ಎಂದರು. ಹಾಗಾದರೆ ಇದು ಯಾರದೆಂದು ಕೇಳಿದೆ. ಒಂದು ಮುಂಜಾನೆ ಬಟ್ಟೆಯಲ್ಲಿ ಸುತ್ತಿ ತಂದರೆಂದೂ ತಾಯಿಯನ್ನು ತಾವು ನೋಡಿಲ್ಲವೆಂದೂ ಹೇಳಿದರು.

6.15ಕ್ಕೆ ಹೊರಟೆ. ಸುಮಾರು 600 ಮೀಟರ್ ದಾರಿ. ಹತ್ತು ಅಡಿಯಾಚೆ ಮಂಜು ಬಿಟ್ಟರೆ ಏನೂ ಇರಲಿಲ್ಲ; ನೆಲವೇ ನನ್ನನ್ನು ಹೊತ್ತುಕೊಂಡು ಹೋಗುತ್ತಿರುವಂತಿತ್ತು. ಮುಂದೆ ಎಲ್ಲೋ ರಕ್ಷಾ ಅತ್ತಳು. ನನ್ನ ರವಿಕೆ ಒದ್ದೆಯಾಯಿತು.

ಆ ಮನೆಯ ಬಾಗಿಲು ತೆರೆದಿತ್ತು. ಸೌಜನ್ಯ, ಸುಮಾರು 26 ವರ್ಷ, ರಕ್ಷಾಳಿಗೆ ಹಾಲುಣಿಸುತ್ತಿದ್ದರು. ನನ್ನನ್ನು ನೋಡಿ, ನಾನು ಯಾರೆಂದು ಕೇಳಲಿಲ್ಲ. “ಸ್ವಲ್ಪ ತಡೀರಿ ಅಕ್ಕಾ, ಕೂಸು ಇನ್ನೊಂದು ಕಡೇನೂ ಕುಡೀಲಿ,” ಎಂದರು. ಹೊಸ್ತಿಲಲ್ಲಿ ಕುಳಿತೆ. ನನ್ನ ಕೈಯಲ್ಲಿದ್ದ ಕೂಸೂ ಅತ್ತಿದ್ದರಿಂದ ಹಾಲು ಕೊಟ್ಟೆ. ಗೋಡೆ ಗಡಿಯಾರದಲ್ಲಿ 6.35ರಿಂದ 6.50ರವರೆಗೆ ಎರಡು ಕೂಸುಗಳೂ ಹಾಲು ಕುಡಿದವು. ನಂತರ ಅವರು ರಕ್ಷಾಳ ಬಾಯಿ ಒರೆಸಿ ನನಗೆ ಕೊಟ್ಟು, “ನಿಮಗೇ ಕೂಸು ಬೇಡವಂತೆ ಅಂತ ಅಮ್ಮ ಹೇಳಿದ್ರು,” ಎಂದರು. ಅವರ ಮೇಲೆ ನನ್ನ ದೂರಿಲ್ಲ.

ಎರಡೂ ಕೂಸುಗಳೊಂದಿಗೆ ವಾಪಸು ಬಂದಾಗ ಗೇಟಿನಲ್ಲಿ ಜಯಾ ನಿಂತಿದ್ದರು. ತಡೆಯಲಿಲ್ಲ. ಒಬ್ಬಳೇ ಎರಡನ್ನು ಹೇಗೆ ಸಾಕುತ್ತೀಯೆಂದು ಮೆಲ್ಲಗೆ ಕೇಳಿದರು. ರಸ್ತೆಯಲ್ಲಿ ಹಾಲಿನ ವ್ಯಾನಿನ ಲಕ್ಕಣ್ಣ ಎಂಬುವವರು ಹತ್ತಿಸಿಕೊಂಡು ಇಲ್ಲಿಗೆ ತಂದುಬಿಟ್ಟರು.

ಕೂಸುಗಳನ್ನು ಏಕೆ ಬದಲಾಯಿಸಿದರೆಂದು ಜಯಾ ಅವರನ್ನು ವಿಚಾರಿಸಿ, ಈ ಎರಡನೇ ಕೂಸಿನ ತಾಯಿಯನ್ನು ಹುಡುಕಿಕೊಡಬೇಕು. ಅದನ್ನು ಶಿಶುಮಂದಿರಕ್ಕೆ ಕಳಿಸುವುದು ಕಾನೂನೆಂದು ತಾವು ತಿಳಿಸಿದ್ದೀರಿ. ನಾಲ್ಕು ದಿನದಿಂದ ಅದು ನನ್ನ ಹಾಲನ್ನೇ ಕುಡಿದಿದೆ. ತಾಯಿ ಸಿಗುವವರೆಗೆ ನನ್ನಲ್ಲೇ ಬಿಡಲು ಕೋರುತ್ತೇನೆ. ಕೂಸಿನ ಹೆಸರೇನೆಂದು ಬರೆಯಲು ಕೇಳಿದಿರಿ. ಆ ಜಾಗ ಖಾಲಿ ಬಿಡಿ. ಅದರ ತಾಯಿಯೇ ಬಂದು ಬರೆಸಲಿ.

ಮೇಲಿನದನ್ನು ನಾನೇ ಓದಿ ನೋಡಿದ್ದೇನೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಹೆಸರಘಟ್ಟ
ದಿನಾಂಕ: 17-1-2025
ಸಹಿ: ಪ್ರತಿಭಾ