ತಟ್ಟೆ ಒರೆಸಿ ಮುಂದುವರಿಯಿರಿ

ನಗಬ್ಯಾಡ. ನೀಲಾ, ನಗಬ್ಯಾಡಂದೆ! ಗಂಟಲದ ಹೊಲಿಗಿ ಬಿಚ್ಚಿ ಇನ್ನ ವಾರ ಆಗಿಲ್ಲ. ಗಂಡನ ಫಜೀತಿ ನೋಡಿ ನಕ್ಕು ನಕ್ಕು ಮತ್ತ ದವಾಖಾನಿಗೆ ಹೋದ್ರ, ಡಾಕ್ಟರು ಮೊದಲ ನನ್ನ ಕೊಯ್ತಾರ... ಹಾಂ, ಎಲ್ಲಿದ್ದೆ? ಜ್ಯಾಕ್! ಅದು ಸಾಫ್ಟ್‌ವೇರಿನ ಹೆಸರು. ಈ ಲಿನಕ್ಸ್‌ನ್ಯಾಗ ಮೈಕಿಗೂ ಸ್ಪೀಕರಿಗೂ ಗಂಟು ಹಾಕ್ಲಿಕ್ಕೆ ನಡುವ ಜ್ಯಾಕ್ ಹಚ್ಚಬೇಕಂತ. ನೋಡು ನನ್ನ ನಸೀಬ. ಇಲ್ಲೇ ಪುಣೆದ ಭೋಸರಿ ಫ್ಯಾಕ್ಟರ್ಯಾಗ ಪ್ರಮೋಷನ್ನಿಗೆ ದೊಡ್ಡ ಸಾಹೇಬರ ಜ್ಯಾಕ್ ಹಚ್ಚೋ ರಾಜೀವ ಅಂದ್ರು, ಹಚ್ಚಲಿಲ್ಲ, ಇಪ್ಪತ್ತ ವರ್ಷ ಅದೇ ಕುರ್ಚಿ. ಈಗ ದಾಸರ ಪದಕ್ಕ ಜ್ಯಾಕ್ ಹಚ್ಚಬೇಕಂತ!

ಎಲ್ಲಾ ಆ ಬಾಳಕೃಷ್ಣಂದ. ನನ್ನ ಬಾಜೂ ಟೇಬಲ್ಲಿನಾಂವ, ನಿನಗ ಗೊತ್ತಲ್ಲ, ಸ್ಕೂಟರ್ ಕೆಟ್ರೂ ಜಗತ್ತಿನ ಕ್ರಾಂತಿ ಬಗ್ಗೆ ಮಾತಾಡಾಂವ. 'ನಿನ್ನ ಹಳೇ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಹತ್ತೂದಿಲ್ಲೋ. ಲಿನಕ್ಸ್ ಹಾಕು. ಫುಕಟ್ ಅದ. ಮುಕ್ತ ಆಗು!' ಆದೆ. ಪೂರ್ತಿ ಮುಕ್ತ ಆದೆ. ಹಾಡಿನ ಕೆಲಸಕ್ಕ ದಿನಾ ಬಳಸೂ ಸಾಫ್ಟ್‌ವೇರ್ ಅದರಾಗ ನಡಿಯೂದಿಲ್ಲ ಅಂತ ಆ ಪುಣ್ಯಾತ್ಮ ಆಮ್ಯಾಲೆ ಹೇಳಿದ.

ಬ್ಯಾರೆ ಅವ, ಅವ, ಬೇಕಾದಷ್ಟು ಅವ! ಒಂದರ ಹೆಸರು ಆರ್ಡರ್ ಅಂತ. ನಾ ಅದನ್ನ ಹೋಟೆಲ್ಲಿನ ಬಿಲ್ ಮಾಡೂದಂತ ತಿಳದು ಎರಡ ದಿನ ಮುಟ್ಟಲಿಲ್ಲ. ತಗದು ನೋಡಿದ್ರ ವಿಮಾನದ ಡ್ರೈವರ್ ಮುಂದ ಇರ್ತಾವಲ್ಲ, ಅಷ್ಟು ಗುಂಡಿ. ಮೈಕಿನ ಮುಂದ 'ಹಲೋ' ಅಂದೆ. ಚಹಾ ಕುಡದು ಬರೂದ್ರಾಗ 'ಹಲೋ' ಅಂತು. ಇಂಟರ್ನೆಟ್ಟಿನ್ಯಾಗ ಕೇಳಿದೆ. ಒಬ್ಬಾಂವ 'ಇದನ್ನ ಹಾಕ್ಕೋ' ಅಂದ. ಅವನ ಕೆಳಗ ಇನ್ನೊಬ್ಬ 'ಇದನ್ನ ಹಾಕ್ಕೊಂಡಾಂವ ಕತ್ತೆ' ಅಂದ. ಮುಂದ ನಲವತ್ತ ಮಂದಿ ಅವರವರ ನಡುವನ ಜಗಳಾಡಿದ್ರು. ನನ್ನ ಪ್ರಶ್ನಿ ಯಾರಿಗೂ ನೆನಪಿಲ್ಲ. ಥೇಟ್ ನಮ್ಮ ಕೋಥರೂಡ ಅಪಾರ್ಟ್‌ಮೆಂಟಿನ ಸೊಸೈಟಿ ಮೀಟಿಂಗು!

ಯಾಕ? ಮತ್ತ ಪಾಟಿ ಯಾಕ ತಗೊಂಡಿ? ಬೆಳಿಗ್ಗೆ ಡಾಕ್ಟರು 'ಹದಿನೈದ ದಿನದ ಮೌನ ಮುಗೀತು, ಇನ್ನ ಮಾತಾಡ್ರಿ ನೀಲಿಮಾ ತಾಯಿ' ಅಂದ್ರಲ್ಲ. ರಿಕ್ಷಾದಾಗೂ ಒಂದ ಮಾತಾಡಲಿಲ್ಲ ನೀ. ಬರಿ, ಬರಿ... 'ಮೊದಲ ನನ್ನ ಹಳೇ ದನಿ ಕೇಳಸ್ರಿ. ಆಮ್ಯಾಲೆ ಬಾಯಿ ತಗೀತೀನಿ.'

ಹೌದು ಮಾರಾಯ್ತಿ, ನೆನಪದ. ಆಪರೇಷನ್ ಆದಮ್ಯಾಲೆ ಮ್ಯಾಲಿನ ಸ್ವರ ಬರ್ತಾವೋ ಇಲ್ಲೋ ಖಾತ್ರಿ ಇಲ್ಲ ಅಂತ ಅವರಂದಿದ್ದಕ್ಕ ತಾನೇ, ಈ ಖೋಲ್ಯಾಗ ಫ್ಯಾನ್ ಬಂದ್ ಮಾಡಿ, ಬಾಗಲಿಗೆ ರಜಾಯಿ ಕಟ್ಟಿ, ಬೆವರ ಒರಸ್ಕೋತ ಏಳ ಪದಾ ರೆಕಾರ್ಡ್ ಮಾಡಿದ್ದು? ಕೇಳಸ್ತೀನಿ. ಕೇಳಸೂದಿಲ್ಲ ಅಂದ್ನೇನು? ಆದ್ರ ಹೇಳಿದ್ನಲ್ಲ, ಸಾಫ್ಟ್‌ವೇರ್ ಇನ್ನ ಕೂತಿಲ್ಲ. ಅದು ಕೂಡೂತನಕ ಆ ಫೈಲು ತಗಿಯೂದಿಲ್ಲ ಅಂದ್ರ ತಗಿಯೂದಿಲ್ಲ. ಒಂದ ಅಕ್ಷರ ಕೇಳ್ಸೂದಿಲ್ಲ...

ಏನು? ಏನ ತೋರಸ್ಲಿಕ್ಕತ್ತಿ?

ಹೆಡ್‌ಫೋನಾ?

ಹಾಂ, ಹೆಡ್‌ಫೋನ್... ಅದು... ಕೇಳತಿದ್ದೆ, ಹೌದು, ಹತ್ತ ದಿನ ಕಿವಿಗೆ ಹಾಕ್ಕೊಂಡು ಇಲ್ಲೇ ನಿನ್ನ ಮುಂದ ಕೂತ... ತಾಳಾನೂ ಹಾಕತಿದ್ದೆ. 'ವಾಹ್ ನೀಲಾ, ಮೂರನೇದು ಭಾಳ ಛಲೋ ಬಂದದ' ಅಂತ... ಅಂದಿದ್ದೆ, ಹೌದು. ನೀ ಹಾಸಿಗ್ಯಾಗಿಂದ ನಗತಿದ್ದಿ.

ಅದು ಬ್ಯಾರೆ ಸಾಫ್ಟ್‌ವೇರ್. ಕೇಳ್ಲಿಕ್ಕೆ ಒಂದು, ಕೇಳಸ್ಲಿಕ್ಕೆ ಒಂದು. ಲಿನಕ್ಸ್‌ನ್ಯಾಗ ಹಂಗ ಇರ್ತದ, ನಿನಗ ತಿಳಿಯೂದಿಲ್ಲ... ಯಾಕ ಹಂಗ ನೋಡ್ತಿ? ನಗು ಬೇಕಾದ್ರ. ಈಗ ನಗಬಹುದು, ಡಾಕ್ಟರು ಪರ್ಮಿಷನ್ ಕೊಟ್ಟಾರ... ಪಾಟಿ ಮ್ಯಾಲೆ ಬರಿಯರೆ ಬರಿ... ನೀಲಾ.

ಬಾಳಕೃಷ್ಣನ ತಪ್ಪಲ್ಲ. ಪಾಪ, ಅವನ ಮ್ಯಾಲೆ ಸುಮ್ಮನ ಹಾಕಿದೆ.

ನೀ ದವಾಖಾನ್ಯಾಗಿದ್ದಿ. ನೀ ಮನಿಗೆ ಬರೂದ್ರಾಗ ಪದಾ ಎಲ್ಲಾ ಛಂದ ಮಾಡಿ ಇಡೋಣಂತ ಮಧ್ಯಾಹ್ನ ಬಂದು ಲಿನಕ್ಸ್ ಹಾಕ್ಲಿಕ್ಕೆ ಕೂತೆ. ಯಾವ ಭಾಷಾ ಬೇಕು ಅಂತ ಕೇಳ್ತು. ಅದರಾಗ ಕನ್ನಡಾನೂ ಇತ್ತು! ನೀನ ಹೇಳು, ಈ ಪುಣೆದಾಗ ಬ್ಯಾಂಕಿನ್ಯಾಗ ಮರಾಠಿ, ಶಾಪಿನ್ಯಾಗ ಹಿಂದಿ, ಲಿಫ್ಟಿನ್ಯಾಗ ಇಂಗ್ಲಿಷು. ಒಂದ ಮಷಿನ್ ತಾನಾಗೇ ಕನ್ನಡ ಬೇಕೇನ್ರಿ ಅಂತ ಕೇಳಿದ್ರ ನಾ ಒಲ್ಲೆ ಅನ್ಲ್ಯಾ? ಎದಿ ಉಬ್ಬಿಸಿ ಒತ್ತಿದೆ. ಯಾವ ಪಂಡಿತ ಬರದಿದ್ನೋ, ಅರ್ಧಕ್ಕರ್ಧ ತಿಳೀಲಿಲ್ಲ. ಕಡೀಕ ಬಂತು, 'ತಟ್ಟೆ ಒರೆಸಿ ಮುಂದುವರಿಯಿರಿ.'

ಊಟಕ್ಕ ಕೂಡೂ ಮುಂದ ತಾಟು ಒರಸ್ತೀವಲ್ಲ, ಹಂಗ ಅಂತ ತಿಳದೆ. ಧೂಳಾ ಗೀಳಾ ಒರಸ್ತದ, ಛಲೋನ ಆತು ಅಂತ... ಆ ಮೂರ್ಖಗ ಒರಸೂದಂದ್ರ ಇದ್ದದ್ದೆಲ್ಲಾ ಅಳಸೂದಂತ, ತಟ್ಟೆ ಅಂದ್ರ ಡಿಸ್ಕಂತ ನೀಲಾ! ಡಿಸ್ಕು! ಇಂಗ್ಲಿಷಿನ್ಯಾಗ ಇದ್ರ ನಾ ಒತ್ತತಿದ್ನೇನು? ನಾ ಎಂಜಿನಿಯರು!

ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೂ ಒಯ್ದಿದ್ದೆ. ಭಾಜಿ ತರ್ತೀನಂತ ಹೋಗಿ ಎರಡ ತಾಸು ಬರಲಿಲ್ಲಲ್ಲ, ಅವತ್ತು. 'ಕಾಕಾ, ಕಾಹೀ ಉರಲ ನಾಹೀ' ಅಂದ ಅಂಗಡ್ಯಾಂವ. ಏನೂ ಉಳದಿಲ್ಲಂತ. ಪೆನ್‌ಡ್ರೈವಿಗೆ ಹಾಕಿಡ್ರಿ ಅಂತ ನೀ ಎರಡ ಸಲ ಹೇಳಿದ್ದಿ. ಬೈ. ನಿನ್ನ ದನಿ ಹೆಂಗ ಬಂದಿದ್ರೂ ಪರವಾಗಿಲ್ಲ, ಒಡದಿದ್ರೂ ಪರವಾಗಿಲ್ಲ, ಬೈ ನನಗ...

ಹೆಡ್‌ಫೋನಿನ್ಯಾಗ ಏನೂ ಇರಲಿಲ್ಲ. ನೀ ನೋಡತಿದ್ದಿ ಅಂತ ಹಾಕ್ಕೊಂಡು, ನೆನಪಿದ್ದಷ್ಟು ನೆನಸ್ಕೋತ ತಾಳಾ ಹಾಕಿದೆ. ಮೂರನೇ ಪದದಾಗ ನೀ ಮ್ಯಾಲಿನ ಸಾ ಹಿಡದು ನಿಲ್ತಿದ್ದಿಯಲ್ಲ, ಮೊದಲ ಮೊದಲ ಅದು ಬರೋಬ್ಬರಿ ಕೇಳಸ್ತಿತ್ತು. ಆ 'ವಾಹ್' ಸುಳ್ಳಲ್ಲ. ನಿನ್ನೆಯಿಂದ... ನಿನ್ನೆಯಿಂದ ಪದದ ಮಾತಷ್ಟ ನೆನಪಿಗೆ ಬರ್ತಾವ ನೀಲಾ, ನಿನ್ನ ದನಿ ಬರವಲ್ದು.